ಕುಂಡದಲ್ಲಿ ಸ್ಟ್ರಾಬೆರಿ: ಚಳಿಗಾಲದಲ್ಲಿ ಬೆಳೆಯುವುದು, ಬೇಸಿಗೆಯಲ್ಲಿ ಕಾಯುವುದು



ತಿಂಥಣಿಯ ಪಕ್ಕದಲ್ಲಿ ಹರಿಯುವ ಕೃಷ್ಣಾ ನದಿ ಹುಟ್ಟುವುದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಲೇಶ್ವರದ ಗುಡ್ಡದಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಆ ಗುಡ್ಡದ ಮೇಲೂ ಅದರ ನೆರೆಯ ಪಂಚಗಣಿ, ವಾಯಿ ಭಾಗಗಳಲ್ಲೂ ರೈತರು ಒಂದು ಕೆಂಪು ಹಣ್ಣನ್ನು ಬೆಳೆಯುತ್ತಾರೆ. ಅದೇ ಸ್ಟ್ರಾಬೆರಿ. ನಮ್ಮ ದೇಶದಲ್ಲಿ ಬೆಳೆಯುವ ಸ್ಟ್ರಾಬೆರಿಯ ಬಹುಪಾಲು ಅಲ್ಲಿಂದಲೇ ಬರುತ್ತದೆ. 2010ರಲ್ಲಿ ಮಹಾಬಲೇಶ್ವರ ಸ್ಟ್ರಾಬೆರಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಈಚೆಗೆ ಈ ಹಣ್ಣು ಚಿಕ್ಕ ಡಬ್ಬಿಗಳಲ್ಲಿ ನಮ್ಮ ಕಡೆಯ ಪೇಟೆಗಳಿಗೂ ಬರುತ್ತಿದೆ. ಅದರ ಬೆಲೆಯನ್ನು ಕೇಳಿದ ರೈತನಿಗೆ, "ಇದನ್ನು ನಾವೂ ಏಕೆ ಬೆಳೆಯಬಾರದು?" ಎಂಬ ಆಸೆ ಹುಟ್ಟುವುದು ಸಹಜ.

ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಟ್ರಾಬೆರಿಯನ್ನು ನಮ್ಮಲ್ಲಿ ಬೆಳೆಯಬಹುದು. ಆದರೆ ಎರೆ ಹೊಲದಲ್ಲಿ ಅಲ್ಲ, ಕುಂಡದಲ್ಲಿ. ವರ್ಷವಿಡೀ ಅಲ್ಲ, ದಸರೆಯಿಂದ ಶಿವರಾತ್ರಿಯ ತನಕ. ಮೊದಲನೆಯ ವರ್ಷ ಹಣ ಗಳಿಸಲಿಕ್ಕೆ ಅಲ್ಲ, ಕಲಿಯಲಿಕ್ಕೆ. ಹೀಗೇಕೆ ಎಂಬುದನ್ನೂ, ಬೆಳೆಯುವ ಕ್ರಮವನ್ನೂ ಈ ಪಾಠದಲ್ಲಿ ತಿಳಿಯೋಣ.

ಗಿಡದ ಸ್ವಭಾವ

ಸ್ಟ್ರಾಬೆರಿ ಒಂದು ಗೇಣು ಎತ್ತರದ ಪುಟ್ಟ ಗಿಡ. ಅದಕ್ಕೆ ಕಾಂಡವೆಂದು ಹೇಳಿಕೊಳ್ಳುವಂಥದು ಇಲ್ಲ. ನೆಲಕ್ಕೆ ಅಂಟಿದಂತೆ ಒಂದು ದಪ್ಪ ಬುಡವಿದ್ದು, ಅದರ ನಡುವಿನ ಸುಳಿಯಿಂದ ಎಲೆಗಳೂ ಹೂಗೊಂಚಲೂ ಹೊರಡುತ್ತವೆ. ಬೇರುಗಳು ಆಳಕ್ಕೆ ಹೋಗುವುದಿಲ್ಲ. ಹೆಚ್ಚಿನವು ಮೇಲಿನ ಆರೇಳು ಅಂಗುಲ ಮಣ್ಣಿನಲ್ಲಿಯೇ ಇರುತ್ತವೆ. ಆದುದರಿಂದಲೇ ಇದು ಕುಂಡಕ್ಕೆ ಒಗ್ಗುವ ಗಿಡ.

ಇಂದು ನಾವು ಕಾಣುವ ದಪ್ಪ ಹಣ್ಣಿನ ಸ್ಟ್ರಾಬೆರಿ ಬಹಳ ಹಳೆಯದಲ್ಲ. ಉತ್ತರ ಅಮೆರಿಕದ ಒಂದು ಕಾಡು ಜಾತಿಯೂ, ದಕ್ಷಿಣ ಅಮೆರಿಕದ ಚಿಲಿ ದೇಶದಿಂದ 1714ರಲ್ಲಿ ಫ್ರಾನ್ಸಿಗೆ ತಂದ ಇನ್ನೊಂದು ಜಾತಿಯೂ ಯುರೋಪಿನ ತೋಟಗಳಲ್ಲಿ ಕೂಡಿ ಹುಟ್ಟಿದ ತಳಿ ಇದು. ತಂಪು ಹವೆಯಲ್ಲಿ ಹುಟ್ಟಿದ್ದರಿಂದ ತಂಪನ್ನೇ ಬೇಡುತ್ತದೆ. ನಾವು ಬೆಳೆಯುವ ಬಗೆಯ ತಳಿಗಳು ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ, ಹವೆ ತಂಪಾದಾಗ ಹೂ ಕಟ್ಟುತ್ತವೆ. ಬಿಸಿಲು ಬಲಿತು ಹಗಲು ದೊಡ್ಡದಾದಾಗ ಹೂ ಬಿಡುವುದನ್ನು ನಿಲ್ಲಿಸಿ, ನೆಲದ ಮೇಲೆ ಹಂಬುಗಳನ್ನು ಹರಿಯಬಿಡುತ್ತವೆ. ಹಂಬಿನ ತುದಿಯಲ್ಲಿ ಮರಿಗಿಡಗಳು ಬೇರು ಬಿಡುತ್ತವೆ.

ಸ್ಟ್ರಾಬೆರಿಯನ್ನು ಚಳಿಗಾಲದಲ್ಲಿ ಕಾಪಾಡುವುದು ಹೇಗೆ ಎಂಬ ಬಗ್ಗೆ ತಂಪು ದೇಶಗಳಲ್ಲಿ ಬಹಳ ಬರೆಯುತ್ತಾರೆ. ಅಲ್ಲಿ ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗಿಂತಲೂ ಉಷ್ಣತೆ ಬಹಳ ಕೆಳಗೆ ಇಳಿಯುತ್ತದೆ. ನೆಲದಲ್ಲಿ ನೆಟ್ಟ ಗಿಡಕ್ಕೆ ಭೂಮಿಯೇ ಕಂಬಳಿಯಾಗುತ್ತದೆ. ಕುಂಡದ ಗಿಡಕ್ಕೆ ಆ ಕಂಬಳಿ ಇಲ್ಲ. ನಾಲ್ಕು ಕಡೆಯಿಂದಲೂ ಚಳಿ ಹೊಕ್ಕು ಬೇರು ಹೆಪ್ಪುಗಟ್ಟುತ್ತದೆ. ಆದುದರಿಂದ ಅಲ್ಲಿಯವರು ಕುಂಡವನ್ನು ಬಾಯಿಯವರೆಗೆ ನೆಲದಲ್ಲಿ ಹುಗಿದು, ಮೇಲೆ ನಾಲ್ಕಾರು ಅಂಗುಲ ದಪ್ಪ ಹುಲ್ಲು ಹೊದಿಸುತ್ತಾರೆ; ಇಲ್ಲವೆ ಕೊಟ್ಟಿಗೆಯೊಳಗೆ ಇಡುತ್ತಾರೆ.

ನಮ್ಮ ಕಡೆ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ಇರುತ್ತದೆ. ಕೆಲವು ರಾತ್ರಿಗಳಲ್ಲಿ ಇನ್ನೂ ಕೆಳಗೆ ಇಳಿದರೂ ಹೆಪ್ಪುಗಟ್ಟುವ ಮಾತಿಲ್ಲ. ನಮ್ಮ ಚಳಿಗಾಲವು ಈ ಗಿಡಕ್ಕೆ ಮಿತ್ರ. ಶತ್ರುವೆಂದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆ. ಕುಂಡದ ಬೇರಿಗೆ ಭೂಮಿಯ ಆಸರೆ ಇಲ್ಲವೆಂಬ ಮಾತು ಇಲ್ಲಿಯೂ ನಿಜ. ಅಲ್ಲಿ ಚಳಿ ಹೊಗುವಂತೆ ಇಲ್ಲಿ ಬಿಸಿಲು ನಾಲ್ಕು ಕಡೆಯಿಂದ ಹೊಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟರೆ ಉಳಿದ ಪಾಠವೆಲ್ಲ ಸುಲಭ.

ಹೊಲದಲ್ಲಿ ಏಕೆ ಬೇಡ?

ಮಹಾಬಲೇಶ್ವರವು ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ನಮ್ಮ ಭಾಗ 400 ಮೀಟರಿನ ಆಸುಪಾಸಿನದು. ಅಲ್ಲಿಯದು ಕೆಂಪು ಮಣ್ಣು, ಸ್ವಲ್ಪ ಹುಳಿ ಗುಣದ್ದು, ನೀರು ನಿಲ್ಲದೆ ಬಸಿದುಹೋಗುವಂಥದು. ನಮ್ಮ ಹೆಚ್ಚಿನ ಭೂಮಿ ಎರೆ. ಎರೆ ಮಣ್ಣು ಜೋಳ, ತೊಗರಿ, ಹತ್ತಿ, ಕಡಲೆಗಳಿಗೆ ತಾಯಿಯಂತೆ. ಸ್ಟ್ರಾಬೆರಿಗೆ ಅದು ಒಗ್ಗುವುದಿಲ್ಲ. ಮಣ್ಣಿನ ರಸಸಾರವು 5.5ರಿಂದ 6.5ರ ಒಳಗೆ ಇರಬೇಕೆಂದು ಈ ಗಿಡ ಬಯಸುತ್ತದೆ. ಎರೆ ಮಣ್ಣಿನಲ್ಲಿ ಅದು ಸಾಮಾನ್ಯವಾಗಿ 8ರ ಮೇಲಿರುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವು ಗಿಡಕ್ಕೆ ದಕ್ಕದೆ ಎಲೆ ಹಳದಿಯಾಗುತ್ತದೆ.

ಎರಡನೆಯ ಕಾರಣ ಸವಳು. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಹಬ್ಬಿತು. ತಗ್ಗಿನ ಎರೆ ಹೊಲಗಳಲ್ಲಿ ನೀರು ಸದಾ ನಿಂತರೆ ಸವಳು-ಜವಳು ತಲೆದೋರುವುದನ್ನು ಕಾಲುವೆ ಕೆಳಗಿನ ರೈತರು ಬಲ್ಲರು. ಬೆಳೆಗಳು ಸವಳನ್ನು ಎಷ್ಟು ತಡೆಯುತ್ತವೆ ಎಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಮಣ್ಣು ಪರೀಕ್ಷೆಯಲ್ಲಿ ಲವಣದ ಅಳತೆಯನ್ನು 'ಇ.ಸಿ.' ಎಂದು ಬರೆಯುತ್ತಾರೆ. ಮಣ್ಣಿನ ರಸದಲ್ಲಿ ಈ ಅಳತೆ 7.7ರವರೆಗೆ ಏರಿದರೂ ಹತ್ತಿಯ ಇಳುವರಿ ಕುಗ್ಗುವುದಿಲ್ಲ. ಭತ್ತಕ್ಕೆ ಆ ಗೆರೆ 3. ಸ್ಟ್ರಾಬೆರಿಗೆ ಅದು 1 ಮಾತ್ರ. ಅಂದರೆ ನಿಮ್ಮ ಹತ್ತಿ ನಗುನಗುತ್ತ ಬೆಳೆಯುವ ಹೊಲದಲ್ಲಿಯೂ ಸ್ಟ್ರಾಬೆರಿ ಸುಟ್ಟುಹೋಗಬಹುದು.

ಹೊಲದ ಮಣ್ಣನ್ನು ಬದಲಿಸುವುದು ಯಾರಿಗೂ ಸಾಧ್ಯವಿಲ್ಲ. ಒಂದು ಕುಂಡದ ಮಣ್ಣನ್ನು ಮಾತ್ರ ನಮಗೆ ಬೇಕಾದಂತೆ ಮಾಡಿಕೊಳ್ಳಬಹುದು. ಮೇಲಾಗಿ ಕುಂಡವನ್ನು ಬಿಸಿಲಿಗೂ ನೆರಳಿಗೂ ಎತ್ತಿ ಇಡಬಹುದು. ಕುಂಡದ ಉಪಯೋಗ ಇರುವುದು ಇಲ್ಲಿ.

ಕುಂಡವನ್ನು ಆರಿಸುವುದು

ಕುಂಬಾರರು ಮಾಡಿದ ಮಣ್ಣಿನ ಕುಂಡ ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಿ ಹರವಿಯ ನೀರು ತಣ್ಣಗಿರುವುದನ್ನು ನೋಡಿದ್ದೀರಲ್ಲವೆ? ಮಣ್ಣಿನ ಮೈಯಿಂದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನೂ ಒಯ್ಯುತ್ತದೆ. ಅದೇ ಗುಣ ಮಣ್ಣಿನ ಕುಂಡದಲ್ಲಿ ಬೇರನ್ನು ತಂಪಾಗಿಡುತ್ತದೆ. ಬಣ್ಣ ಬಳಿದ ಕುಂಡದಲ್ಲಿ ಈ ಗುಣ ಕಡಿಮೆಯಾಗುತ್ತದೆ. ಆದುದರಿಂದ ಬಣ್ಣ ಬೇಡ.

ಕುಂಡದ ಬಾಯಿ 12 ಅಂಗುಲ ಅಗಲ, ಆಳ 8ರಿಂದ 10 ಅಂಗುಲ ಇದ್ದರೆ ಮೂರು ಗಿಡಗಳಿಗೆ ಸಾಕು. ಎಂಟು ಅಂಗುಲದ ಕುಂಡಕ್ಕೆ ಒಂದೇ ಗಿಡ. ಕುಂಡ ಇಲ್ಲದವರು ಎಣ್ಣೆಯ ತಗಡಿನ ಡಬ್ಬಿಯನ್ನು ಉದ್ದಕ್ಕೆ ಸೀಳಿ ಎರಡು ತೊಟ್ಟಿ ಮಾಡಿಕೊಳ್ಳಬಹುದು. ಗೊಬ್ಬರದ ಚೀಲವನ್ನು ಎರಡು ಮೂರು ಸಲ ಚೆನ್ನಾಗಿ ತೊಳೆದು, ಬಾಯಿ ಮಡಚಿ ಉಪಯೋಗಿಸಬಹುದು. ತಗಡು ಬೇಗ ಕಾಯುವುದರಿಂದ ಅದರ ಹೊರಮೈಗೆ ಗೋಣಿ ತಟ್ಟು ಸುತ್ತಬೇಕು. ಔಷಧಿ ಸಿಂಪಡಿಸುವ ವಿಷದ ಡಬ್ಬಿಯನ್ನು ಎಷ್ಟೇ ತೊಳೆದರೂ ಈ ಕೆಲಸಕ್ಕೆ ಬಳಸಬಾರದು. ಮಕ್ಕಳು ಹರಿದು ಬಾಯಿಗಿಡುವ ಹಣ್ಣು ಇದು ಎಂಬುದನ್ನು ಮರೆಯಬಾರದು.

ಪ್ರತಿ ಕುಂಡದ ಅಡಿಯಲ್ಲಿ ಬೆರಳು ತೂರುವಂಥ ನಾಲ್ಕೈದು ತೂತುಗಳಿರಲಿ. ತೂತಿನ ಮೇಲೆ ಹೆಂಚಿನ ಚೂರು ಬೋರಲು ಹಾಕಿರಿ. ಕುಂಡವನ್ನು ನೆಲಕ್ಕೆ ಇಡದೆ ಎರಡು ಇಟ್ಟಿಗೆಗಳ ಮೇಲೆ ಇಡಿರಿ. ನೀರು ಬಸಿದುಹೋಗುತ್ತದೆ, ಇರುವೆಯ ಕಾಟವೂ ಕಡಿಮೆ.

ಮಣ್ಣಿನ ಮಿಶ್ರಣ

ಮಸಾರಿ ಮಣ್ಣು ಎರಡು ಬುಟ್ಟಿ, ಪೂರ್ಣ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಬುಟ್ಟಿ, ದಪ್ಪ ಮರಳು ಒಂದು ಬುಟ್ಟಿ — ಇವನ್ನು ಚೆನ್ನಾಗಿ ಕಲಸಿರಿ. ಮರಳಿನ ಬದಲು ತೆಂಗಿನ ನಾರಿನ ಪುಡಿಯನ್ನು ಹಾಕಬಹುದು; ಆದರೆ ಅದರಲ್ಲಿಯೂ ಉಪ್ಪು ಇರುವುದರಿಂದ ಮೂರು ಸಲ ಸಿಹಿ ನೀರಿನಲ್ಲಿ ತೊಳೆದು ಹಿಂಡಬೇಕು. ಹಸಿ ಸಗಣಿಯನ್ನು ಹಾಕಲೇಬಾರದು. ಅದು ಕಳಿಯುವಾಗ ಕಾವು ಏರಿ ಬೇರು ಸುಡುತ್ತದೆ.

ಹಿತ್ತಲ ಗಿಡಗಳ ಬುಡಕ್ಕೆ ಒಲೆಯ ಬೂದಿ ಹಾಕುವುದು ನಮ್ಮ ಮನೆಗಳ ರೂಢಿ. ಬೇರೆ ಗಿಡಕ್ಕೆ ಅದು ಒಳ್ಳೆಯದಿರಬಹುದು. ಸ್ಟ್ರಾಬೆರಿಗೆ ಬೂದಿಯೂ ಸುಣ್ಣವೂ ಬೇಡ. ಇವೆರಡೂ ರಸಸಾರವನ್ನು ಏರಿಸುತ್ತವೆ.

ತುಂಬಿದ ಕುಂಡಕ್ಕೆ ಒಂದು ತಂಬಿಗೆ ನೀರು ಹಾಕಿ ನೋಡಿರಿ. ಸ್ವಲ್ಪ ಹೊತ್ತಿನಲ್ಲಿಯೇ ಕೆಳಗಿನಿಂದ ಹನಿಯತೊಡಗಿದರೆ ಮಿಶ್ರಣ ಸರಿಯಾಗಿದೆ. ಮೇಲೆಯೇ ನಿಂತರೆ ಇನ್ನಷ್ಟು ಮರಳು ಬೇಕು.

ಸಸಿ ಮತ್ತು ನಾಟಿ

ಬೀಜದಿಂದ ಬೆಳೆಸಲು ಹೋಗಬೇಡಿರಿ. ಕಾಲವೂ ಬಹಳ, ಹಣ್ಣಿನ ಗುಣವೂ ತಾಯಿಯಂತೆ ಬರುವುದಿಲ್ಲ. ಹಂಬಿನಿಂದ ಬೇರು ಬಿಡಿಸಿದ ಸಸಿಗಳನ್ನು ತರಬೇಕು. 'ಸ್ವೀಟ್ ಚಾರ್ಲಿ', 'ವಿಂಟರ್ ಡಾನ್' ಎಂಬ ತಳಿಗಳು ಅಮೆರಿಕದ ಫ್ಲಾರಿಡಾ ಎಂಬ ಬೆಚ್ಚನೆಯ ರಾಜ್ಯದಲ್ಲಿ ಚಳಿಗಾಲದ ಬೆಳೆಗೆಂದೇ ಸಿದ್ಧವಾದವು. ಮಹಾಬಲೇಶ್ವರದ ಕಡೆಯೂ ಇವನ್ನು ಬೆಳೆಯುತ್ತಾರೆ. ನಮ್ಮಂಥ ಸೀಮೆಗೆ ಇಂಥ ತಳಿಗಳನ್ನೇ ಕೇಳಬೇಕು. ಬಹಳ ಚಳಿ ಬೇಡುವ ಗುಡ್ಡಗಾಡಿನ ತಳಿ ತಂದರೆ ಎಲೆ ಮಾತ್ರ ಬಂದೀತು.

ಸಸಿ ಕೊಳ್ಳುವಾಗ ಮೂರು ಸಂಗತಿ ನೋಡಿರಿ. ಬುಡ ಕಿರುಬೆರಳಿನಷ್ಟಾದರೂ ದಪ್ಪವಿರಲಿ. ಬೇರು ಬಿಳಿ ಅಥವಾ ತಿಳಿ ಕಂದು ಬಣ್ಣದ್ದಿರಲಿ. ಕಪ್ಪಾದ ಬೇರು ಕೊಳೆತದ್ದು. ಎಲೆಯ ಮೇಲೆ ಚುಕ್ಕೆ ಇರಬಾರದು.

ನಾಟಿಗೆ ದಸರೆ ಕಳೆದು ಮಳೆ ಹಿಂದೆ ಸರಿದ ಮೇಲೆ, ದೀಪಾವಳಿಯ ಒಳಗೆ ಸರಿಯಾದ ಕಾಲ. ಬೇಗ ನೆಟ್ಟರೆ ಬಿಸಿಲಿಗೂ ಮಳೆಗೂ ಸಿಕ್ಕುತ್ತದೆ. ತಡವಾದರೆ ಹಣ್ಣು ಬಲಿಯುವ ಹೊತ್ತಿಗೆ ಬೇಸಿಗೆ ಬಂದುಬಿಡುತ್ತದೆ. ಸಾಯಂಕಾಲ ನೆಡುವುದು ಮೇಲು. ಬೇರುಗಳನ್ನು ಬೀಸಣಿಗೆಯಂತೆ ಹರಡಿ, ಸುಳಿಯು ಮಣ್ಣಿನ ಮಟ್ಟಕ್ಕೆ ಸರಿಯಾಗಿ ನಿಲ್ಲುವಂತೆ ನೆಡಬೇಕು. ಸುಳಿ ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ಬೇರು ಮೇಲೆ ಕಂಡರೆ ಒಣಗುತ್ತದೆ. ಸಸಿಗಳು ಸಾಯುವುದು ಹೆಚ್ಚಾಗಿ ಈ ಒಂದು ಅಂಗುಲದ ವ್ಯತ್ಯಾಸದಿಂದ. ನೆಟ್ಟ ಮೇಲೆ ಒಂದು ವಾರ ಕುಂಡ ನೆರಳಿನಲ್ಲಿರಲಿ. ಬಳಿಕ ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಕಡೆಗೆ ಸಾಗಿಸಿರಿ.

ಮೊದಲ ಮೂರು ನಾಲ್ಕು ವಾರಗಳಲ್ಲಿ ಬಂದ ಹೂಗಳನ್ನು ಚಿವುಟಿ ತೆಗೆಯಿರಿ. ಎಳೆ ಗಿಡದ ಬೇರು ಬಲಿಯುವ ಮೊದಲೇ ಹಣ್ಣು ಹೊರಿಸಿದರೆ ಗಿಡ ಸೊರಗುತ್ತದೆ.

ನೀರು ಮತ್ತು ಗೊಬ್ಬರ

ನೀರು ಹಾಕುವುದಕ್ಕೆ ಗಡಿಯಾರ ಬೇಡ, ಬೆರಳು ಸಾಕು. ಮಣ್ಣಿನಲ್ಲಿ ಒಂದು ಅಂಗುಲ ಬೆರಳು ಚುಚ್ಚಿ ನೋಡಿರಿ. ಒಳಗೆ ಒಣಗಿದ್ದರೆ ನೀರು ಹಾಕಿರಿ, ತೇವವಿದ್ದರೆ ಬಿಡಿರಿ. ಮುಂಜಾನೆಯ ಹೊತ್ತು, ಎಲೆ ಹೂ ನೆನೆಯದಂತೆ ಬುಡಕ್ಕೆ ಹಾಕಬೇಕು.

ಯಾವ ನೀರು ಎಂಬುದು ಎಷ್ಟು ನೀರು ಎಂಬುದಕ್ಕಿಂತ ಮುಖ್ಯ. ಹೊಳೆಯ ನೀರು, ಕಾಲುವೆಯ ನೀರು, ಶೇಖರಿಸಿದ ಮಳೆಯ ನೀರು ಒಳ್ಳೆಯವು. ಕೊಳವೆ ಬಾವಿಯ ನೀರು ಬಾಯಿಗೆ ಉಪ್ಪೆನಿಸಿದರೆ ಈ ಗಿಡಕ್ಕೆ ಬೇಡ. ಉಪ್ಪೆನಿಸದಿದ್ದರೂ ಪರೀಕ್ಷೆ ಮಾಡಿಸುವುದು ಲೇಸು. ಎಲೆಯ ಅಂಚು ಕಂದಾಗಿ ಸುಟ್ಟಂತೆ ಆಗುವುದು, ಕುಂಡದ ಹೊರಮೈಯಲ್ಲಿ ಬಿಳಿ ಹೊಟ್ಟು ಕಟ್ಟುವುದು ಸವಳಿನ ಗುರುತುಗಳು. ಅಂಥ ಗುರುತು ಕಂಡರೆ ಹದಿನೈದು ದಿನಕ್ಕೊಮ್ಮೆ ಸಿಹಿ ನೀರನ್ನು ಕೆಳಗಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ಉಪ್ಪನ್ನು ತೊಳೆಯಬೇಕು.

ಗೊಬ್ಬರವೂ ಒಂದು ಬಗೆಯ ಉಪ್ಪೇ. ಆದುದರಿಂದ ಕೈ ಬಿಗಿಹಿಡಿಯಿರಿ. ಹದಿನೈದು ದಿನಕ್ಕೊಮ್ಮೆ ಕುಂಡಕ್ಕೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ನೀರಿನಲ್ಲಿ ಕರಗುವ 19:19:19 ಗೊಬ್ಬರ ಇದ್ದವರು ಲೀಟರಿಗೆ ಒಂದು ಗ್ರಾಂ ಮಾತ್ರ ಕರಗಿಸಿ ಹಾಕಬಹುದು. ಯೂರಿಯಾದ ಆಸೆ ಬೇಡ. ಎಲೆ ದಟ್ಟವಾಗಿ ಹಣ್ಣು ಕಡಿಮೆಯಾಗಿ ರೋಗ ಹೆಚ್ಚುತ್ತದೆ.

ಚಳಿಗಾಲದ ರಕ್ಷಣೆ

ನಮ್ಮ ಚಳಿ ಗಿಡವನ್ನು ಕೊಲ್ಲುವುದಿಲ್ಲವಾದರೂ ಮೂರು ಸಂಗತಿಗಳಿಂದ ಬೆಳೆಯನ್ನು ಕಾಯಬೇಕು.

ಒಂದನೆಯದು ಮಂಜು. ತೊಗರಿಯ ಹೂವು ಮಂಜಿಗೆ ಉದುರುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಸ್ಟ್ರಾಬೆರಿಯ ಹೂ ಹಣ್ಣುಗಳು ಮಂಜಿಗೆ ನೆನೆದು ಬಹಳ ಹೊತ್ತು ಆರದಿದ್ದರೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ. ಮಂಜು ಬೀಳುವ ರಾತ್ರಿ ಕುಂಡಗಳನ್ನು ಮನೆಯ ಪಡಸಾಲೆಗೋ ಸೂರಿನ ಕೆಳಗೋ ಸರಿಸಿರಿ. ಬೂಷ್ಟು ಹಿಡಿದ ಹಣ್ಣನ್ನು ಕೂಡಲೆ ಕಿತ್ತು ದೂರ ಹೂಳಬೇಕು. ಕುಂಡದ ಪಕ್ಕದಲ್ಲಿಯೇ ಎಸೆದರೆ ರೋಗ ಮರಳಿ ಬರುತ್ತದೆ.

ಎರಡನೆಯದು ಒಣ ಗಾಳಿ. ಚಳಿಗಾಲದ ಗಾಳಿ ಮಣ್ಣಿನ ತೇವವನ್ನು ಹೀರುತ್ತದೆ. ಮಣ್ಣಿನ ಮೇಲೆ ಎರಡು ಅಂಗುಲ ದಪ್ಪ ಭತ್ತದ ಹುಲ್ಲನ್ನೋ ಕಡಲೆ ಹೊಟ್ಟನ್ನೋ ಹೊದಿಸಿರಿ. ಸುಳಿಯನ್ನು ಮಾತ್ರ ಮುಚ್ಚಬೇಡಿರಿ. ಈ ಹೊದಿಕೆಯಿಂದ ತೇವ ಉಳಿಯುತ್ತದೆ, ಹಣ್ಣು ಮಣ್ಣಿಗೆ ತಾಗಿ ಕೊಳೆಯುವುದೂ ತಪ್ಪುತ್ತದೆ.

ಮೂರನೆಯದು ವಿಪರೀತ ಚಳಿಯ ಕೆಲವು ರಾತ್ರಿಗಳು. ಆಗ ಗಿಡ ಸಾಯದಿದ್ದರೂ ಹೂ ಕಾಯಿಗಟ್ಟುವುದು ತಡವಾಗುತ್ತದೆ. ಕುಂಡಗಳನ್ನು ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ ಮುಖವಿರುವ ಕಲ್ಲಿನ ಗೋಡೆಯ ಬದಿಗೆ ಇಟ್ಟರೆ, ಹಗಲಲ್ಲಿ ಕಾದ ಕಲ್ಲು ರಾತ್ರಿ ಬೆಚ್ಚಗಿಡುತ್ತದೆ. ಬೇಕೆನಿಸಿದರೆ ನಾಲ್ಕು ಕೋಲು ನೆಟ್ಟು ಮೇಲೆ ಹಳೆಯ ಧೋತರ ಹೊದಿಸಿರಿ. ಸೂರ್ಯ ಏರುವ ಮೊದಲು ತೆಗೆಯಿರಿ.

ಹೂವು, ಹಣ್ಣು, ಶತ್ರುಗಳು

ಸ್ಟ್ರಾಬೆರಿ ಹಣ್ಣಿನ ಹೊರಮೈಯಲ್ಲಿ ಕಾಣುವ ಸಣ್ಣ ಕಾಳುಗಳೇ ನಿಜವಾಗಿ ಅದರ ಕಾಯಿಗಳು. ಜೇನ್ನೊಣ ಹೂವಿನ ಮೇಲೆಲ್ಲ ಓಡಾಡಿ ಪ್ರತಿಯೊಂದಕ್ಕೂ ಪರಾಗ ಮುಟ್ಟಿಸಿದಾಗ ಹಣ್ಣು ದುಂಡಗೆ ತುಂಬುತ್ತದೆ. ಒಂದು ಪಕ್ಕಕ್ಕೆ ಪರಾಗ ಮುಟ್ಟದಿದ್ದರೆ ಹಣ್ಣು ಆ ಪಕ್ಕ ಸೊಟ್ಟಗಾಗುತ್ತದೆ. ಹೂವಿರುವಾಗ ವಿಷದ ಔಷಧಿ ಸಿಂಪಡಿಸಬಾರದು. ಪಕ್ಕದ ಹತ್ತಿಗೆ ಸಿಂಪಡಿಸುವ ದಿನ ಕುಂಡಗಳನ್ನು ದೂರ ಸರಿಸಿರಿ.

ಹೂ ಬಿಟ್ಟ ಸುಮಾರು ಒಂದು ತಿಂಗಳಿಗೆ ಹಣ್ಣು ಸಿದ್ಧ. ಸಕಾಲಕ್ಕೆ ನೆಟ್ಟವರಿಗೆ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ನೀವು ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ, ಮೊದಲ ಹಣ್ಣು ಸಿಕ್ಕೀತು. ಮಾಘದಲ್ಲಿ ಮೌನೇಶ್ವರರ ಜಾತ್ರೆಯ ಕಾಲಕ್ಕೆ ಫಸಲು ತುಂಬಿರುತ್ತದೆ. ಮಾವಿನಂತೆ ಕಿತ್ತ ಮೇಲೆ ಇದು ಹಣ್ಣಾಗುವುದಿಲ್ಲ. ಪೂರ್ತಿ ಕೆಂಪಾದ ಮೇಲೆ, ಮುಂಜಾನೆಯ ತಂಪಿನಲ್ಲಿ, ತೊಟ್ಟು ಸಹಿತ ಕತ್ತರಿಸಬೇಕು. ಫಸಲಿನ ಕಾಲದಲ್ಲಿ ಬರುವ ಹಂಬುಗಳನ್ನು ಕತ್ತರಿಸುತ್ತಿರಬೇಕು. ಇಲ್ಲದಿದ್ದರೆ ಹಣ್ಣಿಗೆ ಹೋಗುವ ಸತ್ವ ಹಂಬಿಗೆ ಹೋಗುತ್ತದೆ.

ಗುಬ್ಬಿ, ಗಿಳಿ, ಅಳಿಲುಗಳಿಗೆ ಕೆಂಪು ಹಣ್ಣು ಕಣ್ಣಿಗೆ ಬೀಳಲು ತಡವಿಲ್ಲ. ಹಳೆಯ ಸೊಳ್ಳೆ ಪರದೆಯನ್ನೋ ಹೊಳೆಯ ಮೀನುಗಾರರ ಹಳೆಯ ಬಲೆಯನ್ನೋ ಕೋಲುಗಳ ಮೇಲೆ ಕಟ್ಟಿರಿ. ಸೊಳ್ಳೆ ಪರದೆಯಾದರೆ ಜೇನ್ನೊಣ ಒಳಗೆ ಹೋಗುವಂತೆ ಹಗಲಲ್ಲಿ ಒಂದು ಬದಿ ತೆರೆದಿಡಿರಿ. ಚಳಿ ಕಡಿಮೆಯಾಗಿ ಹವೆ ಒಣಗಿದಾಗ ಎಲೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ನುಸಿ ಸೇರುತ್ತದೆ. ಎಲೆ ಮಾಸಿದ ಬಣ್ಣಕ್ಕೆ ತಿರುಗಿ ಸೂಕ್ಷ್ಮ ಬಲೆ ಕಾಣುತ್ತದೆ. ಮುಂಜಾನೆ ಎಲೆಯ ಕೆಳಮೈಗೆ ತಣ್ಣೀರು ರಭಸದಿಂದ ಹೊಡೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಬಿಸಿಲಿಗೆ ನೀರು ಬೇಗ ಆರುವುದರಿಂದ ಬೂಷ್ಟಿನ ಭಯವಿಲ್ಲ.

ಬೇಸಿಗೆಯನ್ನು ದಾಟಿಸುವುದು

ಶಿವರಾತ್ರಿಯ ಬಳಿಕ ಬಿಸಿಲು ಏರಿದಂತೆ ಹಣ್ಣು ಸಣ್ಣದಾಗುತ್ತದೆ, ಹುಳಿಯಾಗುತ್ತದೆ. ಅಲ್ಲಿಗೆ ಫಸಲು ಮುಗಿಯಿತೆಂದು ತಿಳಿಯಿರಿ. ಮಹಾಬಲೇಶ್ವರದಲ್ಲಿಯೇ ರೈತರು ಸಾಮಾನ್ಯವಾಗಿ ಪ್ರತಿ ವರ್ಷ ಹೊಸ ಸಸಿ ನೆಡುತ್ತಾರೆ. ಆದುದರಿಂದ ಎಲ್ಲ ಗಿಡಗಳನ್ನೂ ಉಳಿಸುವ ಹಟ ಬೇಡ. ಚೆನ್ನಾಗಿ ಹಣ್ಣು ಕೊಟ್ಟ ಎರಡು ಮೂರು ಕುಂಡಗಳನ್ನು ಮಾತ್ರ ತಾಯಿ ಗಿಡವೆಂದು ಆರಿಸಿ ಉಳಿಸಲು ಪ್ರಯತ್ನಿಸಿರಿ.

ತಂಪು ದೇಶದವರು ಚಳಿಗೆ ಮಾಡುವ ಉಪಾಯವನ್ನೇ ನಾವು ಬಿಸಿಲಿಗೆ ಮಾಡಬೇಕು. ಯುಗಾದಿಯ ಒಳಗೆ ದಟ್ಟ ನೆರಳಿನ ಮರದ ಕೆಳಗೋ ಬಚ್ಚಲ ಹಿಂದಿನ ತಂಪಿನಲ್ಲೋ ಕುಣಿ ತೆಗೆದು, ಅಡಿಗೆ ಮರಳು ಹಾಕಿ, ಕುಂಡವನ್ನು ಬಾಯಿಯವರೆಗೆ ಹುಗಿಯಿರಿ. ಸಾಬೂನಿನ ಬಚ್ಚಲ ನೀರು ಮಾತ್ರ ಕುಂಡಕ್ಕೆ ಸೇರದಿರಲಿ. ಕುಣಿ ತೆಗೆಯಲಾಗದವರು ದೊಡ್ಡ ಕುಂಡದೊಳಗೆ ಈ ಕುಂಡವನ್ನಿಟ್ಟು ನಡುವೆ ಮರಳು ತುಂಬಿ ಮರಳನ್ನು ದಿನವೂ ನೆನೆಸಲಿ. ಹಳೆಯ ಎಲೆಗಳನ್ನು ಕತ್ತರಿಸಿ, ಮೇಲೆ ಹುಲ್ಲು ಹೊದಿಸಿ, ಜೋಳದ ಕಣಿಕೆಯ ಚಪ್ಪರ ಹಾಕಿರಿ. ಬೇಸಿಗೆಯಲ್ಲಿ ಮುಂಜಾನೆ ಸಂಜೆ ಎರಡು ಹೊತ್ತೂ ಬೆರಳು ಪರೀಕ್ಷೆ ಮಾಡಬೇಕು.

ಈ ಕಾಲದಲ್ಲಿ ಬರುವ ಹಂಬನ್ನು ಕತ್ತರಿಸಬೇಡಿರಿ. ಮರಿಗಿಡವನ್ನು ಪಕ್ಕದ ಸಣ್ಣ ಕುಂಡದ ಮಣ್ಣಿಗೆ ಬಗ್ಗಿಸಿ, ಬಾಗಿಸಿದ ತಂತಿಯಿಂದ ಒತ್ತಿರಿ. ಮೂರು ನಾಲ್ಕು ವಾರಕ್ಕೆ ಬೇರು ಬಿಟ್ಟ ಮೇಲೆ ಹಂಬು ಕತ್ತರಿಸಿದರೆ ನಿಮ್ಮದೇ ಹೊಸ ಸಸಿ. ಮೃಗಶಿರ ಮಳೆ ಬರುವ ಮೊದಲು ಕುಂಡಗಳನ್ನು ಕುಣಿಯಿಂದ ಎತ್ತಿ ಇಟ್ಟಿಗೆಯ ಮೇಲೆ, ಜಡಿಮಳೆ ಬೀಳದ ಕಡೆ ಇಡಿರಿ. ಬಿಸಿಲಿಗೆ ಉಳಿದ ಗಿಡ ಮಳೆಗೆ ಕೊಳೆಯುವುದುಂಟು.

ಲೆಕ್ಕ ಹಾಕಿ ನೋಡೋಣ

ನಿಮ್ಮ ಮನೆಯಲ್ಲಿ ಹನ್ನೆರಡು ಕುಂಡಗಳಿವೆ ಎನ್ನೋಣ. ಕುಂಡಕ್ಕೆ ಮೂರರಂತೆ 36 ಗಿಡ. ನಮ್ಮ ಹವೆಯಲ್ಲಿ ಗಿಡಕ್ಕೆ ಕಾಲು ಕಿಲೋ ಎಂದು ಹಿಡಿದರೆ ಒಟ್ಟು 9 ಕಿಲೋ ಹಣ್ಣು. ಹತ್ತು ವಾರಗಳಲ್ಲಿ ಹಂಚಿದರೆ ವಾರಕ್ಕೆ ಒಂದು ಕಿಲೋಗೂ ಕಡಿಮೆ. ಮಕ್ಕಳು ತಿನ್ನಲು ಸಾಕು, ಜಾತ್ರೆಯ ದಿನ ನಾಲ್ಕು ಡಬ್ಬಿ ಮಾರಲೂಬಹುದು. ಹಣ್ಣಿನಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ಆದರೆ ನಮ್ಮ ಪೇರಲ ಹಣ್ಣಿನಲ್ಲಿ ಅದು ಇನ್ನೂ ಹೆಚ್ಚು. ಆದುದರಿಂದ ಪೇರಲ ಗಿಡ ಕಡಿದು ಸ್ಟ್ರಾಬೆರಿ ಇಡಬೇಡಿರಿ!

ಈಗ ಒಂದು ಎಕರೆಯ ಲೆಕ್ಕ. ಎಕರೆಗೆ ಸುಮಾರು 22,000 ಸಸಿ ಬೇಕಾಗುತ್ತದೆ. ಸಸಿಗೆ ಹತ್ತು ರೂಪಾಯಿ ಎಂದು ಇಟ್ಟುಕೊಂಡರೂ ಸಸಿಗೇ 2,20,000 ರೂಪಾಯಿ. ಹನಿ ನೀರಾವರಿ, ಹೊದಿಕೆ, ನೆರಳು ಪರದೆ, ಆಳು ಬೇರೆ. ಗಿಡಕ್ಕೆ ಕಾಲು ಕಿಲೋದಂತೆ 5,500 ಕಿಲೋ ಹಣ್ಣು ಬಂದರೆ, ಹತ್ತು ವಾರಗಳ ಕಾಲ ದಿನಕ್ಕೆ ಸುಮಾರು 80 ಕಿಲೋ ಮಾರಬೇಕು. ತಂಪು ಪೆಟ್ಟಿಗೆ ಇಲ್ಲದಿದ್ದರೆ ಹಣ್ಣು ಎರಡು ದಿನಕ್ಕಿಂತ ಹೆಚ್ಚು ನಿಲ್ಲದು. ದಿನವೂ 80 ಕಿಲೋ ಕೊಳ್ಳುವವರು ಸುರಪುರದಲ್ಲೋ ಶಹಾಪುರದಲ್ಲೋ ಇದ್ದಾರೆಯೆ? ಯಾದಗಿರಿ, ರಾಯಚೂರು, ಕಲಬುರಗಿಗೆ ದಿನವೂ ಒಯ್ಯುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲು ಸಾಲ ಮಾಡಿ ಎಕರೆಗಟ್ಟಲೆ ನೆಟ್ಟವನು, ಗಿಡ ಬದುಕಿದರೂ ತಾನು ಸೋಲಬಹುದು. ಯಾರಾದರೂ ಊರಿಗೆ ಬಂದು, ಸಸಿ ಕೊಳ್ಳಿರಿ, ಹಣ್ಣನ್ನು ನಾವೇ ಕೊಳ್ಳುತ್ತೇವೆ ಎಂದರೆ, ಬರವಣಿಗೆಯಲ್ಲಿ ಕೊಡುವಿರಾ ಎಂದು ಮೊದಲು ಕೇಳಿರಿ.

ಹನ್ನೆರಡು ಕುಂಡಗಳಲ್ಲಿ ಸೋತರೆ ಕಳೆದುಕೊಳ್ಳುವುದು ಕೆಲವು ಸಸಿ ಮಾತ್ರ. ಆದರೆ ನಿಮ್ಮ ನೀರು, ನಿಮ್ಮ ಹವೆ, ನಿಮ್ಮ ಪೇಟೆ ಈ ಬೆಳೆಗೆ ಒಗ್ಗುವುದೋ ಇಲ್ಲವೋ ಎಂಬುದು ಒಂದೇ ಹಂಗಾಮಿನಲ್ಲಿ ತಿಳಿಯುತ್ತದೆ. ಸ್ತ್ರೀಶಕ್ತಿ ಸಂಘದ ನಾಲ್ಕೈದು ಮನೆಯವರು ಕೂಡಿ ಸಸಿ ತರಿಸಿ, ಒಬ್ಬರು ಹೊಳೆ ನೀರು, ಒಬ್ಬರು ಬಾವಿ ನೀರು ಹಾಕಿ ನೋಡಿದರೆ ಇನ್ನೂ ಒಳ್ಳೆಯದು. ಮಣ್ಣು ನೀರಿನ ಪರೀಕ್ಷೆಯ ಬಗೆಗೂ, ಸಸಿ ಎಲ್ಲಿ ದೊರೆಯುತ್ತದೆಂಬ ಬಗೆಗೂ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಾಗಲಿ ವಿಚಾರಿಸಿರಿ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ತಂಪು ದೇಶದವರು ಕುಂಡವನ್ನು ಚಳಿಗಾಲದಲ್ಲಿ ಹುಗಿಯುತ್ತಾರೆ, ನಾವು ಬೇಸಿಗೆಯಲ್ಲಿ ಹುಗಿಯುತ್ತೇವೆ. ಕಾರಣವೇನು?

2. ಹತ್ತಿ ಚೆನ್ನಾಗಿ ಬರುವ ಹೊಲದಲ್ಲಿ ಸ್ಟ್ರಾಬೆರಿ ಏಕೆ ಬರಲಾರದು?

3. ಒಲೆಯ ಬೂದಿಯನ್ನು ಈ ಗಿಡಕ್ಕೆ ಏಕೆ ಹಾಕಬಾರದು?

4. ನಿಮ್ಮ ಊರಿನಲ್ಲಿ ಯಾವ ಯಾವ ಬಾವಿಯ ನೀರು ಸವಳು? ಪಟ್ಟಿ ಮಾಡಿರಿ.

5. ದಿನಕ್ಕೆ ಐದು ಕಿಲೋ ಹಣ್ಣು ಬಂದರೆ ಯಾರಿಗೆ, ಎಲ್ಲಿ, ಯಾವ ಹೊತ್ತಿಗೆ ಮಾರುವಿರಿ? ಉತ್ತರವನ್ನು ಸಸಿ ತರುವ ಮೊದಲೇ ಬರೆದಿಡಿರಿ.